ಬಡಾವಣೆಯ ಎಳೆಯ ಸಂಗೀತಗಾರರಿಗೆ ತಿಂಗಳ ಕಚೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕಲಿಯುವ ಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ಕಟ್ಟಿದವರಿದ್ದಾರೆ, ಕಚೇರಿಯ ಮೊದಲಿಗೆ ಹಾಡುವ ವರ್ಣವನ್ನು ಎರಡು ಕಾಲದಲ್ಲಿ, ಎಂದರೆ ಎರಡು ವೇಗದಲ್ಲಿ, ತಡವರಿಸದೆ ಹಾಡುವವರಿದ್ದಾರೆ. ಆದರೆ ಮೃದಂಗದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎದುರಿಗಿರುವ ಮೂವತ್ತು ಜನರ ಮುಖ ನೋಡುತ್ತಾ ಅರ್ಧ ಗಂಟೆ ಹಾಡಿದವರು ಅವರಲ್ಲಿ ಬಹಳ ಕಡಿಮೆ. ಈ ಕೊರತೆ ತುಂಬಲು ಅಕಾಡೆಮಿಯೋ ಸರ್ಕಾರವೋ ಬರಲೆಂದು ಕಾಯಬೇಕಾಗಿಲ್ಲ. ಒಂದು ದೇವಸ್ಥಾನದ ಸಮಿತಿ, ಒಂದು ಅಪಾರ್ಟ್‌ಮೆಂಟ್ ಸಂಘ, ಒಂದು ಬೀದಿಯ ನಾಲ್ಕು ಮನೆಯವರು ಮನಸ್ಸು ಮಾಡಿದರೆ ಸಾಕು. ತಿಂಗಳಿಗೊಮ್ಮೆ ಮಕ್ಕಳಿಂದ ಹಾಡಿಸುವ ಅಂಥದೊಂದು ಸಂಗೀತ ಕಚೇರಿಗಾಗಿ ಓಡಾಡುವವರಲ್ಲಿ ನಾನೂ ಒಬ್ಬ. ಹೊಸದಾಗಿ ಶುರು ಮಾಡಬೇಕೆನ್ನುವವರು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ಪರ್ಧೆಗಳಿವೆ, ಪ್ರತಿಭಾ ಕಾರಂಜಿ ಇದೆ, ಶಾಲೆಯ ವಾರ್ಷಿಕೋತ್ಸವ ಇದೆ. ಇನ್ನೊಂದು ವೇದಿಕೆ ಏಕೆ?

ಸ್ಪರ್ಧೆಯಲ್ಲಿ ಮಗುವಿಗೆ ಸಿಗುವುದು ನಾಲ್ಕೈದು ನಿಮಿಷ. ಒಂದೇ ಕೀರ್ತನೆಯನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ, ತೀರ್ಪುಗಾರರ ಮುಂದೆ ಒಪ್ಪಿಸಿ, ಫಲಿತಾಂಶಕ್ಕೆ ಕಾಯುವುದು. ಅಲ್ಲಿ ಎದುರಿಗೆ ಕುಳಿತವರು ಹುಡುಕುವುದು ತಪ್ಪನ್ನು. ಕಚೇರಿಯಲ್ಲಿ ಕುಳಿತವರು ಕೇಳಲು ಬಂದವರು. ಈ ವ್ಯತ್ಯಾಸ ಮಗುವಿನ ಕಂಠದಲ್ಲೇ ಕೇಳಿಸುತ್ತದೆ. ಅರ್ಧ ಗಂಟೆ ಹಾಡಬೇಕಾದಾಗ ಮಗು ಒಂದು ರಾಗದಿಂದ ಇನ್ನೊಂದಕ್ಕೆ ಮನಸ್ಸು ಹೊಂದಿಸಿಕೊಳ್ಳಬೇಕು, ಉಸಿರು ಉಳಿಸಿಕೊಳ್ಳಬೇಕು, ಮೊದಲ ಹಾಡಿನಲ್ಲಿ ಆದ ಎಡವಟ್ಟನ್ನು ಎರಡನೆಯದಕ್ಕೆ ಹೊತ್ತುಕೊಂಡು ಹೋಗದಿರಲು ಕಲಿಯಬೇಕು. ಪಾಠದ ಕೋಣೆಯಲ್ಲಿ ಇದನ್ನು ಕಲಿಸಲು ಬರುವುದಿಲ್ಲ.

ಹಿಂದಿನವರಿಗೆ ಇಂಥ ಅವಕಾಶ ಎಳವೆಯಲ್ಲೇ ಸಿಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ನಾಟಕ ಕಂಪನಿಗಳು ಈ ಕೆಲಸ ಮಾಡಿದವು. ಕುಂದಗೋಳದ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನ್ಸೂರರು ರಂಗದ ಮೇಲೆ ಹಾಡಿ ಪಳಗಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮದ್ದೇ ನಾಟಕ ಕಂಪನಿಯೂ ಇತ್ತು, ಕಲಿತದ್ದನ್ನು ಹಾಡಿ ತೋರಿಸಲು ಜನರೂ ಇದ್ದರು. 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಇನ್ನೂ ಪುಟ್ಟ ಹುಡುಗಿ. ಈಗ ನಾಟಕ ಕಂಪನಿಗಳು ಬೆರಳೆಣಿಕೆಯಷ್ಟು. ಅವು ಬಿಟ್ಟುಹೋದ ಜಾಗದಲ್ಲಿ ನಾವು ಏನನ್ನಾದರೂ ಕಟ್ಟಲೇಬೇಕು.

ಎಲ್ಲಿ ನಡೆಸುವುದು? ಸಭಾಂಗಣದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಸಭಾಂಗಣ ಬೇಡವೇ ಬೇಡ. ಮುನ್ನೂರು ಕುರ್ಚಿಗಳ ಎದುರು ಮೂವತ್ತು ಜನ ಕುಳಿತರೆ ಹಾಡುವ ಮಗುವಿಗೆ ಕಾಣುವುದು ಖಾಲಿ ಕುರ್ಚಿಗಳೇ. ಅದೇ ಮೂವತ್ತು ಜನ ಒಂದು ದೊಡ್ಡ ಹಜಾರದಲ್ಲಿ ಜಮಖಾನೆಯ ಮೇಲೆ ಕುಳಿತರೆ ಮನೆ ತುಂಬುತ್ತದೆ. ದೇವಸ್ಥಾನದ ಪ್ರಾಂಗಣ, ಅಪಾರ್ಟ್‌ಮೆಂಟಿನ ಸಮುದಾಯ ಕೊಠಡಿ, ಮಠದ ಪಡಸಾಲೆ, ಭಾನುವಾರ ಖಾಲಿ ಇರುವ ಶಾಲೆಯ ಒಂದು ಕೋಣೆ, ದೊಡ್ಡ ತಾರಸಿ ಯಾವುದಾದರೂ ಆದೀತು. ಆಷಾಢದಲ್ಲಿ ಮದುವೆಗಳಿಲ್ಲದೆ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ಮಾಲೀಕರನ್ನು ಕೇಳಿ ನೋಡಿ, ಚಿಕ್ಕ ಊಟದ ಹಾಲನ್ನು ಪುಕ್ಕಟೆಯಾಗಿ ಬಿಟ್ಟುಕೊಡುವವರಿದ್ದಾರೆ.

ಜಾಗ ಆರಿಸುವಾಗ ಒಮ್ಮೆ ನಿಂತು ಚಪ್ಪಾಳೆ ತಟ್ಟಿ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮೊಳಗಿದರೆ ಅಲ್ಲಿ ಸಾಹಿತ್ಯ ಸ್ಪಷ್ಟವಾಗಿ ಕೇಳುವುದಿಲ್ಲ. ನೆಲಕ್ಕೆ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಜಾಗ ಒಮ್ಮೆ ಗೊತ್ತಾದ ಮೇಲೆ ಬದಲಿಸಬೇಡಿ, ದಿನವನ್ನೂ ಬದಲಿಸಬೇಡಿ. ತಿಂಗಳ ಎರಡನೆಯ ಭಾನುವಾರ ಸಂಜೆ ಐದೂವರೆ ಎಂದರೆ ಅದೇ. ಜನ ಕ್ಯಾಲೆಂಡರ್ ನೋಡದೆ ಬರುವಂತಾಗಬೇಕು.

ಒಂದು ಸಂಜೆಗೆ ಎಷ್ಟು ಮಕ್ಕಳು? ಎಷ್ಟು ಹೊತ್ತು?

ಇಬ್ಬರು, ತಲಾ ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಹದಿನೈದು ಮಕ್ಕಳನ್ನು ಸಾಲಾಗಿ ಹತ್ತಿಸಿ ಇಳಿಸುವ ಕಾರ್ಯಕ್ರಮ ಬೇಡ. ಅದು ಹೆತ್ತವರ ಮೊಬೈಲ್ ಕ್ಯಾಮೆರಾಗಳಿಗೆ ಆದೀತೇ ಹೊರತು ಸಂಗೀತಕ್ಕೆ ಆಗುವುದಿಲ್ಲ.

ಕರ್ನಾಟಕ ಸಂಗೀತದ ಮಗುವಾದರೆ ಒಂದು ವರ್ಣ, ಪುಟ್ಟ ಕೃತಿ, ನಾಲ್ಕೈದು ನಿಮಿಷದ ಆಲಾಪನೆಯೊಡನೆ ಇನ್ನೊಂದು ಕೃತಿ, ಅದಕ್ಕೆ ಎರಡು ಸುತ್ತು ಕಲ್ಪನಾಸ್ವರ (ಆ ಕ್ಷಣದಲ್ಲೇ ಕಟ್ಟಿ ಹಾಡುವ ಸ್ವರಗಳು), ಕೊನೆಗೆ ಒಂದು ದೇವರನಾಮ. ಕಲ್ಪನಾಸ್ವರ ಇನ್ನೂ ಬಾರದಿದ್ದರೆ ಬೇಡ. ಆದರೆ ಆಲಾಪನೆಯನ್ನು ಎಷ್ಟೇ ಚಿಕ್ಕದಾದರೂ ಬಿಡಬೇಡಿ: ಬರೆದಿಟ್ಟುಕೊಂಡದ್ದಲ್ಲದೆ ತನ್ನದೇ ಎರಡು ಸಂಗತಿ ಹಾಡಿ ಜನರ ತಲೆದೂಗಿಸಿದ ಮಗು ಮತ್ತೆ ಹಿಂದಿರುಗಿ ನೋಡುವುದಿಲ್ಲ. ಹಿಂದೂಸ್ತಾನಿಯಾದರೆ ಒಂದು ರಾಗದಲ್ಲಿ ನಿಧಾನ ಲಯದ ವಿಲಂಬಿತ ಮತ್ತು ವೇಗದ ದ್ರುತ್, ಆಮೇಲೆ ಒಂದು ವಚನ ಅಥವಾ ದಾಸರ ಪದ.

ಪಕ್ಕವಾದ್ಯ ಇರಲೇಬೇಕೆ? ಮೊಬೈಲಿನಲ್ಲಿ ತಂಬೂರಿ, ತಬಲಾ ಎಲ್ಲವೂ ಇದೆಯಲ್ಲ?

ತಂಬೂರಿಯನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಆದರೆ ತಾಳವಾದ್ಯಕ್ಕೆ ಮನುಷ್ಯರು ಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ ಎಂದು ಎಲ್ಲರಿಗೂ ಹೇಳುತ್ತೇನೆ. ಯಂತ್ರದ ತಬಲಾ ಮಗುವಿಗಾಗಿ ಕಾಯುವುದಿಲ್ಲ, ಮಗು ಚೆನ್ನಾಗಿ ಹಾಡಿದರೆ ಹುಮ್ಮಸ್ಸಿನಿಂದ ನುಡಿಯುವುದೂ ಇಲ್ಲ. ನಮ್ಮ ಸಂಗೀತದ ಅರ್ಧ ಪಾಠ ಪಕ್ಕದಲ್ಲಿ ಕುಳಿತವರನ್ನು ಕೇಳಿಸಿಕೊಳ್ಳುವುದರಲ್ಲಿದೆ.

ಇಲ್ಲಿ ಸಂಘಟಕರು ಮಾಡಬೇಕಾದ ಮುಖ್ಯ ಕೆಲಸ ಶ್ರುತಿಯದು. ಪ್ರತಿ ಮಗುವಿನ ಶ್ರುತಿ ಯಾವ ಮನೆ, ಎಂದರೆ ಆಧಾರ ಸ್ವರದ ಎತ್ತರ ಎಷ್ಟು ಎಂದು ಮೊದಲೇ ಬರೆದಿಟ್ಟುಕೊಂಡು ಪಕ್ಕವಾದ್ಯದವರಿಗೆ ತಿಳಿಸಿ. ಎಳೆಯ ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದು, ಐದೂವರೆ ಮನೆಯಲ್ಲಿ ಹಾಡುತ್ತಾರೆ. ಸ್ವರ ಒಡೆದ ಹುಡುಗರು ಒಂದು, ಒಂದೂವರೆಗೆ ಇಳಿಯುತ್ತಾರೆ. ಐದೂವರೆಗೆ ಕೂಡಿಸಿದ ಮೃದಂಗವನ್ನು ಒಂದೂವರೆಗೆ ಇಳಿಸಲು ಬರುವುದಿಲ್ಲ, ಬೇರೆ ಮೃದಂಗವೇ ಬೇಕು. ಹೇಳದೆ ಕರೆದರೆ ಅವರು ಒಂದನ್ನೇ ಹೊತ್ತು ಬಂದಿರುತ್ತಾರೆ. ಅದಕ್ಕೇ ಒಂದು ಸಂಜೆಗೆ ಹತ್ತಿರದ ಶ್ರುತಿಯ ಇಬ್ಬರನ್ನು ಜೋಡಿಸುವುದು ಜಾಣತನ. ಕಲ್ಲು ಹಿಡಿದು ಮೃದಂಗದ ಅಂಚು ತಟ್ಟುತ್ತಾ ಶ್ರುತಿ ಕೂಡಿಸುವ ಹೊತ್ತು ಉಳಿಯುತ್ತದೆ, ಮೃದಂಗದ ಎಡಬದಿಗೆ ಹಚ್ಚಿದ ರವೆಯ ಕಣಕ ಒಣಗುವ ಮೊದಲೇ ಎರಡನೆಯ ಕಚೇರಿಯೂ ಸಾಗುತ್ತದೆ.

ಪಕ್ಕವಾದ್ಯಕ್ಕೂ ಎಳೆಯರನ್ನೇ ಕರೆಯಬಹುದೆ? ಕರೆಯಬಹುದು, ಆದರೆ ಮೂವರೂ ಹೊಸಬರಾಗಬಾರದು. ಹಾಡುವವಳು ಹೊಸಬಳಾದರೆ ಮೃದಂಗಕ್ಕೋ ಪಿಟೀಲಿಗೋ ಒಬ್ಬ ಅನುಭವಿ ಇರಲಿ. ಮೃದಂಗದ ಹುಡುಗನಿಗೆ ಅದು ಮೊದಲ ವೇದಿಕೆಯಾದರೆ ಹಾಡುವವರು ಸ್ವಲ್ಪ ದೊಡ್ಡವರಾಗಿರಲಿ. ಪಕ್ಕವಾದ್ಯ ಕಲಿಯುವ ಮಕ್ಕಳಿಗೆ ಹಾಡುವ ಮಕ್ಕಳಿಗಿಂತಲೂ ಅವಕಾಶ ಕಡಿಮೆ ಎಂಬುದನ್ನು ಮರೆಯಬೇಡಿ. ಮನೆಯಲ್ಲಿ ಒಬ್ಬನೇ ಕುಳಿತು ಎಷ್ಟು ಪಾಟಾಕ್ಷರ (ತಾಳವಾದ್ಯದ ಬೋಲು) ನುಡಿಸಿದರೂ ನುಡಿಸಾಣಿಕೆ ಬರುವುದು ಯಾರಾದರೂ ಹಾಡಿದಾಗಲೇ.

ವೇದಿಕೆಯ ಮೇಲೆ ಮಗು ಸಾಹಿತ್ಯ ಮರೆತರೆ?

ಮರೆಯುತ್ತದೆ. ದೊಡ್ಡ ವಿದ್ವಾಂಸರೂ ಮರೆಯುತ್ತಾರೆ. ಆಗ ಏನು ನಡೆಯುತ್ತದೆ ಎಂಬುದನ್ನು ನೋಡಿದರೆ ಪಕ್ಕವಾದ್ಯದ ಬೆಲೆ ಅರ್ಥವಾಗುತ್ತದೆ. ಒಮ್ಮೆ ಒಬ್ಬಳು ಹುಡುಗಿ ಅನುಪಲ್ಲವಿ ಮುಗಿಸಿ ಚರಣಕ್ಕೆ ಬಂದವಳು ತಟ್ಟನೆ ನಿಂತಳು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ಮಾತ್ರ ನಿಲ್ಲಲಿಲ್ಲ. ಪಿಟೀಲಿನವರು ಅವಳ ಕಡೆ ತಿರುಗಿಯೂ ನೋಡದೆ ಚರಣದ ಮೊದಲ ಸಾಲನ್ನು ತಾವೇ ನುಡಿಸಿದರು. ಮೃದಂಗದವರು ನಡೆಯನ್ನು ತೆಳುಮಾಡಿ ಒಂದು ಆವರ್ತ, ಎಂದರೆ ತಾಳದ ಒಂದು ಸುತ್ತು, ಸುಮ್ಮನೆ ಹಿಡಿದು ನಿಂತರು. ಎರಡನೆಯ ಸಲ ಪಿಟೀಲು ಅದೇ ಸಾಲು ಎತ್ತಿಕೊಂಡಾಗ ಅರ್ಧದಲ್ಲಿ ಹುಡುಗಿಯ ದನಿ ಸೇರಿತು. ಕೇಳುಗರಲ್ಲಿ ಅರ್ಧದಷ್ಟು ಜನಕ್ಕೆ ಅಲ್ಲಿ ಏನೋ ಆಯಿತೆಂದೇ ತಿಳಿಯಲಿಲ್ಲ.

ಮಕ್ಕಳಿಗೆ ಮೊದಲೇ ಹೇಳಿಕೊಡಬೇಕಾದದ್ದು ಇಷ್ಟೇ: ಏನೇ ಆಗಲಿ ತಾಳ ಬಿಡಬೇಡ. ಪುಸ್ತಕ ನೋಡಿ ಹಾಡುವ ಬಗ್ಗೆ ಕೆಲವರು ಗದರುತ್ತಾರೆ. ಮೊದಲ ಕಚೇರಿಗೆ ಪಲ್ಲವಿ, ಚರಣಗಳ ಮೊದಲ ಪದಗಳನ್ನು ಬರೆದ ಒಂದು ಚೀಟಿ ಮುಂದಿರಲಿ, ನನಗೇನೂ ತಪ್ಪು ಕಾಣುವುದಿಲ್ಲ. ಮೊಬೈಲ್ ಮಾತ್ರ ಬೇಡ, ಪರದೆ ಆರಿಹೋದರೆ ಮಗು ಗಾಬರಿಯಾಗುತ್ತದೆ.

"ಇನ್ನೂ ಪಕ್ವವಾಗಿಲ್ಲ" ಎಂದು ಗುರುಗಳು ಒಪ್ಪುವುದಿಲ್ಲ. ಏನು ಮಾಡುವುದು?

ಗುರುಗಳ ಮಾತನ್ನು ಮೀರಿ ಯಾವ ಮಗುವನ್ನೂ ವೇದಿಕೆಗೆ ಹತ್ತಿಸಬೇಡಿ. ಅವರ ಅಂಜಿಕೆಗೆ ಕಾರಣವಿದೆ: ಚಪ್ಪಾಳೆಯ ರುಚಿ ಬೇಗ ಹತ್ತಿದರೆ ಸಾಧನೆ ಸಡಿಲವಾದೀತು ಎಂಬುದು. ಅದು ಕಂಡು ಕೇಳಿದ ಮಾತೇ. ಆದರೆ ಗುರುಗಳನ್ನು ನಿಮ್ಮ ಕಚೇರಿಗೆ ಕೇಳುಗರಾಗಿ ಕರೆತನ್ನಿ. ಬಹುಮಾನ, ಹಾರ ತುರಾಯಿ, ಫೋಟೋ ಗದ್ದಲ ಯಾವುದೂ ಇಲ್ಲದ ಒಂದು ಕೋಣೆಯಲ್ಲಿ ಜನ ತಾಳ ಹಾಕುತ್ತಾ ಕುಳಿತದ್ದನ್ನು ಕಂಡರೆ ಅವರೇ ಒಬ್ಬ ಶಿಷ್ಯನ ಹೆಸರು ಹೇಳುತ್ತಾರೆ. ಮಗು ಏನು ಹಾಡಬೇಕೆಂಬುದನ್ನು ಅವರೇ ನಿರ್ಧರಿಸಲಿ. ಸಂಘಟಕರು ಪಟ್ಟಿಯಲ್ಲಿ ಕೈಯಾಡಿಸಬಾರದು.

ಯಾರಿಗೆ ಅವಕಾಶ ಕೊಡುವುದು? ಆಯ್ಕೆ ಪರೀಕ್ಷೆ ಇಡಬೇಕೆ?

ಪರೀಕ್ಷೆ ಬೇಡ. ಸರದಿ ಇರಲಿ, ಹೆಸರು ಬರೆಸಿದ ಕ್ರಮದಲ್ಲಿ. ಸಂಘದ ಅಧ್ಯಕ್ಷರ ಮೊಮ್ಮಗಳಿಗೂ ಅದೇ ಸರದಿ. ಒಂದೇ ಒಂದು ಷರತ್ತು: ಹೆಸರು ಬರೆಸುವ ಮಗು ಅದಕ್ಕೆ ಮೊದಲು ಕನಿಷ್ಠ ಮೂರು ಕಚೇರಿಗಳಲ್ಲಿ ಕೇಳುಗನಾಗಿ ಕುಳಿತಿರಬೇಕು. ಈ ಷರತ್ತು ಜರಡಿಯಂತೆ ಕೆಲಸ ಮಾಡುತ್ತದೆ, ಸಭೆಯೂ ತುಂಬುತ್ತದೆ.

ಪಾಠಕ್ಕೆ ದುಡ್ಡು ಕೊಡಲಾಗದ ಮನೆಯ ಮಕ್ಕಳು ತಾವಾಗಿ ಬಂದು ಹೆಸರು ಬರೆಸುವುದಿಲ್ಲ. ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಸರ್ಕಾರಿ ಶಾಲೆಯ ಮೇಷ್ಟ್ರನ್ನು, ಚರ್ಚಿನ ಗಾಯನ ವೃಂದದವರನ್ನು, ಬಡಾವಣೆಯ ಭಜನಾ ಮಂಡಳಿಯವರನ್ನು ಕೇಳಿ. ಯಾವ ಮಗುವಿನ ಕಂಠ ಇಂಪಾಗಿದೆ ಎಂದು ಅವರಿಗೆ ಗೊತ್ತಿರುತ್ತದೆ.

ಶಾಸ್ತ್ರೀಯ ಸಂಗೀತಕ್ಕೆ ಮಾತ್ರವೆ?

ಖಂಡಿತ ಅಲ್ಲ. ನಾನು ಕರ್ನಾಟಕ ಸಂಗೀತದವನಾದ್ದರಿಂದ ಉದಾಹರಣೆಗಳು ಆ ಕಡೆ ವಾಲಿವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತತ್ವಪದ ಹಾಡುವ, ದಪ್ಪು ಬಾರಿಸುವ ಹುಡುಗರಿದ್ದಾರೆ. ಕರಾವಳಿಯಲ್ಲಿ ಭಾಗವತಿಕೆ, ಚೆಂಡೆ ಮದ್ದಳೆ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಬೆಂಗಳೂರಿನ ಪ್ರತಿ ಬೀದಿಯಲ್ಲೂ ಗಿಟಾರ್ ಹಿಡಿದು ತನ್ನದೇ ಹಾಡು ಕಟ್ಟುವ ಒಬ್ಬನಿದ್ದಾನೆ. ಸುಗಮ ಸಂಗೀತವಂತೂ ಕನ್ನಡದ ಮಕ್ಕಳಿಗೆ ತೀರ ಹತ್ತಿರದ್ದು. ಒಂದೇ ಸಂಜೆಯಲ್ಲಿ ಎಲ್ಲವನ್ನೂ ಕಲಸಬೇಡಿ, ಅಷ್ಟೆ. ಶ್ರುತಿ ತಂಬೂರಿಯ ಮೆಲುದನಿಗೆ ಕಿವಿ ಕೊಟ್ಟು ಕುಳಿತವರಿಗೆ ಮರುಕ್ಷಣವೇ ಡ್ರಮ್ ಸೆಟ್ ಕೇಳಿಸಿದರೆ ಇಬ್ಬರಿಗೂ ಅನ್ಯಾಯ.

ಮೈಕ್ ವ್ಯವಸ್ಥೆ ಹೇಗಿರಬೇಕು?

ನಲವತ್ತು ಜನರ ಕೋಣೆಗೆ ಮೈಕ್ ಇಲ್ಲದೆಯೇ ನಡೆಸಿ ನೋಡಿ. ಹಳೆಯ ಮನೆ ಕಚೇರಿಗಳು ಹಾಗೆಯೇ ನಡೆದದ್ದು. ಮಗು ತನ್ನ ದನಿಯನ್ನು ತಾನು ಕೇಳಿಸಿಕೊಂಡು ಹಾಡುತ್ತದೆ, ತೆರೆದ ಕಂಠ ಎಂದರೇನೆಂದು ಕಲಿಯುತ್ತದೆ.

ಹೊರಗೆ ನಡೆಸುವುದಾದರೆ ಬೇಕು. ಮಕ್ಕಳು ಮೈಕನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಒಂದು ಗೇಣು ದೂರವಿರಲಿ. ಕೊಳಲಿಗೆ ತೀರ ನೇರವಾಗಿ ಇಟ್ಟರೆ ಗಾಳಿಯ ಸದ್ದೇ ಮುಂದಾಗುತ್ತದೆ, ಸ್ವಲ್ಪ ಓರೆಯಾಗಿರಲಿ. ವೀಣೆಯ ದನಿ ಮೃದಂಗದ ಎದುರು ಮುಳುಗುವುದರಿಂದ ವೀಣೆಗೆ ಮೈಕ್ ಕೊಟ್ಟು ಮೃದಂಗಕ್ಕೆ ಕೊಡದಿರಿ. ಹಾಡುವವರಿಗೆ ತಮ್ಮ ದನಿಯೂ ತಂಬೂರಿಯೂ ಕೇಳುವಂತೆ ಅವರ ಕಡೆಗೆ ಒಂದು ಪುಟ್ಟ ಸ್ಪೀಕರ್ ತಿರುಗಿಸಿಡಿ. ಶ್ರುತಿ ತಪ್ಪುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ನಿಜವಾಗಿ ತಂಬೂರಿಯೇ ಕೇಳಿಸಿರುವುದಿಲ್ಲ. ಧ್ವನಿ ಪರೀಕ್ಷೆಯನ್ನು ಜನ ಬರುವ ಮೊದಲು ಮುಗಿಸಿ. "ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದಕ್ಕಿಂತ ಮಗುವಿನಿಂದಲೇ ಎರಡು ಸಾಲು ಹಾಡಿಸಿ.

ಪೊಲೀಸರ ಅನುಮತಿ ಬೇಕೆ?

ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಾದರೆ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಪಡೆಯಬೇಕು; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯವಿರಬಹುದು, ವಿಚಾರಿಸಿಕೊಳ್ಳಿ. ಬಡಾವಣೆಯ ಠಾಣೆಗೆ ದಿನಾಂಕ, ಸಮಯ, ಜಾಗ ಬರೆದು ವಾರಕ್ಕೆ ಮೊದಲೇ ಅರ್ಜಿ ಕೊಡಿ. ಉದ್ಯಾನವಾದರೆ ಅದರ ಉಸ್ತುವಾರಿಯ ಪಾಲಿಕೆ, ಪುರಸಭೆ ಅಥವಾ ತೋಟಗಾರಿಕೆ ಇಲಾಖೆಯನ್ನೂ ಕೇಳಬೇಕು. ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಕರೆದು ಬನ್ನಿ. ಕರೆಸಿಕೊಂಡವರು ದೂರು ಕೊಡುವುದು ಕಡಿಮೆ.

ಕವಿಗಳ ಭಾವಗೀತೆ ಹಾಡಿದರೆ ಹಕ್ಕುಸ್ವಾಮ್ಯದ ತೊಡಕು ಬರುತ್ತದೆಯೆ?

ಪುರಂದರದಾಸರು, ಕನಕದಾಸರು, ತ್ಯಾಗರಾಜರು, ಶರಣರ ವಚನಗಳು ಎಲ್ಲರ ಸ್ವತ್ತು. ಇತ್ತೀಚಿನ ಕವಿಗಳ ವಿಷಯ ಬೇರೆ: ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ರಕ್ಷಣೆಯಿದೆ. ರಾಗಸಂಯೋಜನೆಯ ಹಕ್ಕು ಸಂಯೋಜಕರದು, ಅದು ಬೇರೆಯದೇ. ಆದರೆ ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಕೇಳುಗರ ಎದುರು ಹಾಡಿಸಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಅಥವಾ ರೆಕಾರ್ಡ್ ಮಾಡಿ ಹಂಚಿದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ. ಹಾಡುವ ಮೊದಲು ಕವಿಯ ಹೆಸರು, ಸಂಯೋಜಕರ ಹೆಸರು ಹೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ, ಕಾನೂನು ಕೇಳಲಿ ಬಿಡಲಿ.

ದುಡ್ಡು ಎಲ್ಲಿಂದ? ಮಕ್ಕಳಿಗೆ ಸಂಭಾವನೆ ಕೊಡಬೇಕೆ?

ಕೊಡಬೇಕು. ಚಿಕ್ಕ ಮೊತ್ತವಾದರೂ ಲಕೋಟೆಯಲ್ಲಿಟ್ಟು, ಮಗುವಿನ ಕೈಗೇ ಕೊಡಿ. ಪಕ್ಕವಾದ್ಯದವರಿಗೆ ಮೊದಲೇ ಒಪ್ಪಿದ ಸಂಭಾವನೆ, ಹೋಗಿಬರುವ ಆಟೋ ಖರ್ಚು ಅದೇ ದಿನ ಸಲ್ಲಬೇಕು. "ಮಕ್ಕಳ ಕಾರ್ಯಕ್ರಮ ತಾನೆ, ಸೇವೆ ಎಂದುಕೊಳ್ಳಿ" ಎಂದು ಪಕ್ಕವಾದ್ಯದವರಿಗೆ ಹೇಳುವವರನ್ನು ಕಂಡಿದ್ದೇನೆ. ಅದು ತಪ್ಪು. ಅವರ ಮನೆಯ ಒಲೆ ಉರಿಯುವುದು ಆ ಮೃದಂಗದಿಂದಲೇ. ಇನ್ನೊಂದು ಕಡೆ, ಅವಕಾಶ ಕೊಡುತ್ತೇವೆಂದು ಹೆತ್ತವರಿಂದಲೇ ಹಣ ಕೇಳುವ ಸಂಘಟಕರೂ ಇದ್ದಾರೆ. ಅಂಥ ವೇದಿಕೆಗೆ ಮಗುವನ್ನು ಕಳಿಸಲೇಬೇಡಿ.

ಹನ್ನೆರಡು ಮನೆಗಳು ವರ್ಷಕ್ಕೊಂದು ತಿಂಗಳ ಖರ್ಚು ಹೊತ್ತರೆ ಲೆಕ್ಕ ಮುಗಿಯಿತು. ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ತಿಂಗಳನ್ನು ವಹಿಸಿಕೊಳ್ಳುವವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಬಾಗಿಲ ಬಳಿ ಒಂದು ಹುಂಡಿ ಇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗಾಗಿ "ಚಿಗುರು", ತರುಣರಿಗಾಗಿ "ಯುವ ಸೌರಭ" ಕಾರ್ಯಕ್ರಮಗಳನ್ನು ನಡೆಸುತ್ತದೆ. ಜಿಲ್ಲಾ ಕಚೇರಿಗೆ ಹೋಗಿ ನಿಮ್ಮ ಮಕ್ಕಳ ವಿವರ ಕೊಟ್ಟಿರಿ. ಆದರೆ ತಿಂಗಳ ಕಚೇರಿಯನ್ನು ಅನುದಾನದ ಮೇಲೆ ನಿಲ್ಲಿಸಬೇಡಿ.

ಅತಿಥಿಗಳ ಭಾಷಣ, ಸನ್ಮಾನ?

ಬೇಡ. ದೀಪ ಹಚ್ಚಿ, ಹೆಸರು ಹೇಳಿ, ಹಾಡಲು ಬಿಡಿ. ಶ್ರುತಿ ಕೂಡಿಸಿಕೊಂಡು ಕುಳಿತ ಮಗುವನ್ನು ಮುಕ್ಕಾಲು ಗಂಟೆ ಭಾಷಣ ಕೇಳಿಸಿ ಕಾಯಿಸಿದರೆ ಕಂಠವೂ ಆರುತ್ತದೆ, ಧೈರ್ಯವೂ ಆರುತ್ತದೆ.

ಗಣೇಶೋತ್ಸವದಲ್ಲಿ ಅವಕಾಶ ಕೇಳಬಹುದೆ? ಅಲ್ಲಿ ಆರ್ಕೆಸ್ಟ್ರಾದ ಅಬ್ಬರವೇ ಹೆಚ್ಚು.

ಕೇಳಲೇಬೇಕು. ಕರ್ನಾಟಕದಲ್ಲಿ ಬೀದಿಯ ಸಂಗೀತ ಸಂಪ್ರದಾಯ ಬೆಳೆದದ್ದೇ ಹಬ್ಬದ ಪೆಂಡಾಲುಗಳಲ್ಲಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ. ಮೈಸೂರಿನ ಒಂಟಿಕೊಪ್ಪಲು 8ನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಹಾಡುವುದನ್ನು ಹೆಸರಾಂತ ಕಲಾವಿದರೂ ಹೆಮ್ಮೆ ಎಂದುಕೊಳ್ಳುತ್ತಾರೆ. ಅವೂ ಬಡಾವಣೆಯವರೇ ಕಟ್ಟಿದ ವೇದಿಕೆಗಳು.

ನಿಮ್ಮ ಬೀದಿಯ ಸಮಿತಿಯನ್ನು ಹಬ್ಬಕ್ಕೆ ಎರಡು ತಿಂಗಳು ಮೊದಲೇ, ಚಂದಾ ಪುಸ್ತಕ ಅಚ್ಚಾಗುವ ಮುನ್ನವೇ ಕಂಡು, ಒಂದು ದಿನ ಸಂಜೆ ಆರರಿಂದ ಏಳರವರೆಗಿನ ಹೊತ್ತನ್ನು ಕೇಳಿ. ಮಂಗಳಾರತಿಗೆ ಮುಂಚಿನ ಆ ಹೊತ್ತಿಗೆ ಅಜ್ಜ ಅಜ್ಜಿಯರು ಬಂದು ಕುಳಿತಿರುತ್ತಾರೆ, ಆರ್ಕೆಸ್ಟ್ರಾದವರು ಇನ್ನೂ ಬಂದಿರುವುದಿಲ್ಲ. ಪುಷ್ಯ ಅಮಾವಾಸ್ಯೆಯ ಪುರಂದರದಾಸರ ಆರಾಧನೆ, ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಗಳಲ್ಲಿ ಗೋಷ್ಠಿ ಗಾಯನ ಇರುವುದರಿಂದ ಒಬ್ಬರೇ ಹಾಡಲು ಅಂಜುವ ಮಕ್ಕಳಿಗೆ ಅದೇ ಒಳ್ಳೆಯ ಮೊದಲ ಮೆಟ್ಟಿಲು.

ಜನ ಬರುವುದಿಲ್ಲ. ಏನು ಮಾಡಲಿ?

ಮೊದಲ ಆರು ತಿಂಗಳು ಹೆತ್ತವರು, ಸಂಘಟಕರು, ದೇವಸ್ಥಾನಕ್ಕೆ ಬಂದವರು ಇಷ್ಟೇ. ಬೇಸರ ಪಡಬೇಡಿ, ನಿಲ್ಲಿಸಬೇಡಿ. ಪೋಸ್ಟರ್‌ಗಿಂತ ಬಾಯಿಮಾತು ಹೆಚ್ಚು ಕೆಲಸ ಮಾಡುತ್ತದೆ. ಬಡಾವಣೆಯ ನಿವೃತ್ತರಲ್ಲಿ ಒಳ್ಳೆಯ ರಸಿಕರಿರುತ್ತಾರೆ, ರಾತ್ರಿ ದೂರದ ಸಭೆಗೆ ಹೋಗಲಾರದೆ ಮನೆಯಲ್ಲಿ ಉಳಿದವರು. ಅವರ ಮನೆಗೆ ಹೋಗಿ ಕರೆಯಿರಿ, ಬೇಕಾದರೆ ಕೈಹಿಡಿದು ಕರೆತನ್ನಿ, ಗೋಡೆಗೊರಗುವ ಕುರ್ಚಿ ಕೊಡಿ. ರಾಗ ಗುರುತಿಸಿ "ಭಲೆ" ಎನ್ನುವ ಇಬ್ಬರು ಮುಂದಿನ ಸಾಲಿನಲ್ಲಿದ್ದರೆ ಹಾಡುವ ಮಗುವಿಗೆ ಅಷ್ಟು ಸಾಕು. ಕಚೇರಿ ಮುಗಿದ ಮೇಲೆ ಕಾಫಿ ಇರಲಿ. ಮಗುವಿನೊಡನೆ ಹಿರಿಯರು ಮಾತಾಡುವುದು ಆಗಲೇ.

ವಿಡಿಯೋ ಮಾಡಿ ಹಾಕಬಹುದೆ?

ಒಂದು ಕ್ಯಾಮೆರಾ ಹಿಂದಿನಿಂದ ಸದ್ದಿಲ್ಲದೆ ತೆಗೆಯಲಿ, ಪ್ರತಿಯನ್ನು ಮಗುವಿಗೂ ಗುರುಗಳಿಗೂ ಕೊಡಿ. ತನ್ನ ಹಾಡನ್ನು ತಾನೇ ಕೇಳುವುದು ದೊಡ್ಡ ಪಾಠ. ಎಲ್ಲರಿಗೂ ಕಾಣುವಂತೆ ಹಾಕುವುದಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು, ಮಗುವಿನ ಮನಸ್ಸೂ ಬೇಕು. ಶಾಲೆಯ ಹೆಸರು, ಮನೆಯ ವಿಳಾಸ ಬರೆಯಬೇಡಿ.

ವರ್ಷದಲ್ಲಿ ಯಾವ ತಿಂಗಳು ಬಿಡಬೇಕು?

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಸರದಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಇಡಬೇಡಿ. ಆ ತಿಂಗಳು ಕಿರಿಯರು ಹಾಡಲಿ. ಕಚೇರಿಯನ್ನೇ ನಿಲ್ಲಿಸಬೇಡಿ.

ಇಲ್ಲಿ ಹಾಡಿ ಪಳಗಿದ ಮೇಲೆ ಮಕ್ಕಳು ಮುಂದೆಲ್ಲಿಗೆ ಹೋಗಬೇಕು?

ಪಕ್ಕದ ಬಡಾವಣೆಗೆ. ನಿಮ್ಮಂತೆಯೇ ಇನ್ನೂ ಮೂರು ಕಡೆ ತಿಂಗಳ ಕಚೇರಿ ಇದ್ದರೆ ಮಕ್ಕಳನ್ನು ಪರಸ್ಪರ ಕಳಿಸಿಕೊಡಿ. ಗುರುತಿಲ್ಲದ ಕೇಳುಗರ ಎದುರು ಹಾಡುವುದು ಬೇರೆಯದೇ ಅನುಭವ. ಆಮೇಲೆ ಜಿಲ್ಲೆಯ ಸಂಗೀತ ಸಭೆಗಳಿಗೆ ಪತ್ರ ಬರೆಯಿರಿ, ಹಲವು ಸಭೆಗಳು ಯುವ ಕಲಾವಿದರಿಗೆ ಸಂಜೆಯ ಮೊದಲ ಹೊತ್ತನ್ನು ಕೊಡುತ್ತವೆ. 16ರಿಂದ 24 ವರ್ಷದವರಿಗೆ ಆಕಾಶವಾಣಿ ಸಂಗೀತ ಸ್ಪರ್ಧೆ ನಡೆಸುತ್ತಾ ಬಂದಿದೆ. ಅದಲ್ಲದೆ ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ (ಆಡಿಷನ್) ತೇರ್ಗಡೆಯಾದವರಿಗೆ ಬಿ, ಬಿ-ಹೈ, ಎ ಎಂಬ ಶ್ರೇಣಿಗಳಿವೆ. ಧಾರವಾಡ, ಮೈಸೂರು, ಮಂಗಳೂರು, ಭದ್ರಾವತಿ, ಕಲಬುರಗಿ, ಬೆಂಗಳೂರು ಕೇಂದ್ರಗಳಲ್ಲಿ ನಿಮಗೆ ಹತ್ತಿರದ್ದನ್ನು ವಿಚಾರಿಸಿ. 18ರಿಂದ 25ರೊಳಗಿನವರು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಇವೆಲ್ಲಕ್ಕೂ ಎಲ್ಲಿ ಹಾಡಿದ್ದೀರಿ ಎಂಬ ಪಟ್ಟಿ ಬೇಕಾಗುತ್ತದೆ. ಆದ್ದರಿಂದ ಪ್ರತಿ ಕಚೇರಿಗೂ ದಿನಾಂಕ, ಹಾಡಿದ ಕೃತಿಗಳು, ಪಕ್ಕವಾದ್ಯದವರ ಹೆಸರು ಅಚ್ಚಾದ ಒಂದು ಪುಟದ ಕಾರ್ಯಕ್ರಮ ಪಟ್ಟಿ ಮಾಡಿಸಿ, ಒಂದು ಪ್ರತಿಯನ್ನು ಸಂಘದ ಕಡತದಲ್ಲಿ ಇಟ್ಟಿರಿ.